ಎಡಗೈಯಲ್ಲಿ ಹಿಡಿದ ತೆಂಗಿನಕಾಯಿ

ಬನಹಟ್ಟಿ
೧೪ ಜುಲೈ ೨೦೨೫

ಗೆಳತಿ ಮಧುಮತಿಗೆ,

ಕರೆಂಟು ಹೋಗಿ ಮಗ್ಗಗಳು ನಿಂತಿವೆ, ಅದಕ್ಕೇ ಬರೆಯಲು ಪುರುಸೊತ್ತು. ನೀನು ನನ್ನ ನಂಬರು ಬ್ಲಾಕ್ ಮಾಡಿರುವುದರಿಂದ ಪತ್ರವೇ ಗತಿ. ಮೊನ್ನೆ ಮುಧೋಳದಲ್ಲಿ ನಿನ್ನ ಗಂಡನ ಸತ್ಕಾರಕ್ಕೆ ಬಂದು ಪೆಂಡಾಲಿನ ಹಿಂದೆ ನಿಂತಿದ್ದೆ. ಹಸಿರು ಇಳಕಲ್ ಸೀರೆಯಲ್ಲಿ ನೀನು ಛಲೋ ಕಾಣುತ್ತಿದ್ದೆ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮಿಬ್ಬರ ಗಂಡಂದಿರದೂ ಸೇನೆಯ ಒಂದೇ ಚೌಕಿ, ಒಂದೇ ಆರೋಪ. ಗಡಿಯಲ್ಲಿ ಕುದುರೆ ಮೇಲೆ ಸಾಮಾನು ಸಾಗಿಸುವ ಮುದುಕನನ್ನು ಗುದ್ದಿ ಕಣ್ಣು ಕಳೆದರೆಂದು ಇಬ್ಬರನ್ನೂ ಹಿಡಿದರು. ನಿನ್ನವರು ಹವಾಲ್ದಾರ ಪರಮಾನಂದ, ಕಬ್ಬಿನ ತೋಟದ ದೊಡ್ಡ ಮನೆತನ. ನನ್ನವರು ಸಿಪಾಯಿ ದುರಗೇಶ, ಊರ ಹೊರಗಿನ ನಮ್ಮ ಕೇರಿ. ಮುದುಕ ನಿನ್ನವರ ಕಡೆಗೇ ಬೆರಳು ತೋರಿಸಿದನಂತೆ. ಗುಡ್ಡದ ಜನ ಸುಳ್ಳುಗಾರರು ಎಂದು ಅದನ್ನು ಬದಿಗಿಟ್ಟರು. ಕಲ್ಲು ಬಿದ್ದು ತಮ್ಮ ಬಲಗೈ ಬೆರಳು ಮುರಿಯಿತೆಂದು ನಿನ್ನವರು ಹೇಳಿದ್ದನ್ನು ಮಾತ್ರ ನಂಬಿದರು. ನಿನ್ನ ಮಾವ ದಿಲ್ಲಿಯಿಂದ ವಕೀಲರನ್ನು ತಂದರು. ನನ್ನವರ ಪರ ನಿಂತವನಿಗೆ ಅವರ ಹೆಸರೂ ನೆಟ್ಟಗೆ ಗೊತ್ತಿರಲಿಲ್ಲ. ನಿನ್ನವರಿಗೆ ಬರೀ ಛೀಮಾರಿ, ನನ್ನವರಿಗೆ ಜೈಲು.

ಸತ್ಕಾರದಲ್ಲಿ ಸ್ವಾಮಿಗಳು ತೆಂಗಿನಕಾಯಿ ಕೊಟ್ಟಾಗ ನಿನ್ನವರು ಎಡಗೈ ಚಾಚಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಸ್ವಾಮಿಗಳ ಮುಂದೆ ಎಡಗೈ ಚಾಚುವವರು ನಮ್ಮಲ್ಲಿ ಯಾರಿದ್ದಾರೆ? ನಿನ್ನ ಅತ್ತೆ ರತ್ನಾಬಾಯಿ ಎದ್ದು, "ದೇಶಾ ಕಾಯೂಮುಂದ ಬಲಗೈ ಹೋಗೇತ್ರಿ, ತಪ್ಪ ತಿಳಿಬ್ಯಾಡ್ರಿ" ಅಂದರು. ಚಪ್ಪಾಳೆ ಬಿತ್ತು. ನೀನೊಬ್ಬಳೇ ತಲೆ ಬಗ್ಗಿಸಿದೆ. ಅದನ್ನು ಕಂಡೇ ಬರೆಯುತ್ತಿದ್ದೇನೆ.

ಗುದ್ದಾಟದ ಮರುದಿನ ಫೋನಿನಲ್ಲಿ ಅತ್ತವಳು ನೀನು. "ಮುದುಕನ್ನ ಗುದ್ದಿ ಕೈ ಮುರಕೊಂಡಾರ ಬೇ, ಯಾರ ಮುಂದೂ ಅನಬ್ಯಾಡ" ಅಂದಿದ್ದೆ. ನಾನು ವಿಚಾರಣೆಯಲ್ಲಿ ಅದನ್ನೇ ಅಂದೆ. ಆರೋಪಿಯ ಹೆಂಡತಿ, ಅದರಲ್ಲೂ ಕೇರಿಯವಳು ಎಂದು ನಕ್ಕು ಕಳಿಸಿದರು. ನಿನ್ನ ಮಾತಿಗೆ ಯಾರೂ ನಗುವುದಿಲ್ಲ. ಮುಂದಿನ ತಿಂಗಳು ಮೇಲ್ಮನವಿ ಇದೆ. ಅದೂ ಬಿದ್ದರೆ ನನ್ನವರು ಏಳು ವರ್ಷ ಒಳಗೇ.

ನಿನ್ನ ವಾಡೆ, ನಿನ್ನ ಬಂಗಾರ ಎಂದೂ ನನ್ನನ್ನು ಸುಟ್ಟಿಲ್ಲ. ನಿಮ್ಮ ಹೊಸ್ತಿಲಲ್ಲಿ ನಿನ್ನವರ ಚಪ್ಪಲಿ ಇವೆಯಲ್ಲ, ರೊಟ್ಟಿ ಬಿಸಿ ಇರುವಾಗಲೇ ಅವರನ್ನು ಕೂಗುತ್ತೀಯಲ್ಲ, ಅದು ಸುಡುತ್ತದೆ. ಬಂದು ಸತ್ಯ ಹೇಳು.

ಶಾಲೆಯಲ್ಲಿ ನಿನ್ನ ಬೆಂಚಿನ ಜೊತೆಗಾತಿ,
ಮಾದೇವಿ

ತಾ.ಕ. (೧೭ ಜುಲೈ): ನ್ಯಾಯಕ್ಕಾಗಿಯೇ ಕರೆಯುತ್ತಿದ್ದೇನೆ ಎಂದು ತಿಳಿಯಬೇಡ. ನೀನೂ ಒಮ್ಮೆ ಜೈಲಿನ ಬಾಗಿಲಲ್ಲಿ ಬುತ್ತಿ ಹಿಡಿದು ನಿಲ್ಲಬೇಕು ಎಂಬ ಆಸೆಯೂ ಇದೆ. ಆದರೂ ಈ ಪತ್ರ ಹರಿದು ಹಾಕೋಣವೆಂದುಕೊಂಡೇ ನಿನ್ನೆ ಜೈಲಿಗೆ ನನ್ನವರನ್ನು ನೋಡಲು ಹೋಗಿದ್ದೆ. ಪತ್ರದ ಮಾತು ತೆಗೆದೆ. "ಬ್ಯಾಡ ಬಿಡು, ಮಧುಮತಿ ಸಂಸಾರ ಹಾಳಾಗತೈತಿ" ಅಂದರು. ಅಲ್ಲಿ ಕುಳಿತೂ ಅವರಿಗೆ ನಿನ್ನದೇ ಸಂಸಾರದ ಚಿಂತೆ. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.