ಕರಿ ಉಣ್ಣೆ ಒಂದೊಂದೇ

ನನ್ನ ಸಿಟ್ಟನ್ನೆಲ್ಲ ನುಂಗಿಕೊಂಡ ಅಪ್ಪನಿಗೆ,

ಹೋದ ದೀಪಾವಳಿಗೆ ನಾನು ತುರುವನೂರಿಗೆ ಬಂದಾಗ ನೀನು ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದೆ. "ದಾವಣಗೆರೆ ಲ್ಯಾಬಿನಾಗೆ ಏನ್ ಮಾಡ್ತೀಯವ್ವ ದಿನಾ?" ಅಂತ ಕೇಳಿದೆ. ನಾನು ಬಿಳಿ ಉಣ್ಣೆಯ ಚೂರುಗಳನ್ನು ಸಾಲಾಗಿ ಜೋಡಿಸಿ, ಇದು ನಾವು ತಯಾರು ಮಾಡೋ ಪಾಲಿಮರ್ ಸರಪಳಿ ಅಂದೆ. ನಡುನಡುವೆ ಕರಿ ಚೂರು ಇಟ್ಟು, ಇವು ಚಾರ್ಜ್ ಇರೋ ಕೊಂಡಿಗಳು, ಹೀಗೆ ದೂರದೂರ ಕೂತರೆ ಸರಪಳಿ ನೀರಿನಲ್ಲಿ ಕರಗುತ್ತೆ ಅಂದೆ. ನನ್ನ ಫ್ಲಾಸ್ಕಿನಲ್ಲಿ ಮಾತ್ರ ಕರಿಯವೆಲ್ಲ ಮುನ್ನುಗ್ಗಿ ಒಂದೇ ಕಡೆ ಸೇರುತ್ತಿದ್ದವು, ಉಳಿದದ್ದು ಒಡೆದ ಹಾಲಿನಂತೆ ಗಂಟು ಗಂಟು. ಎರಡು ವರ್ಷದಿಂದ ಫೋನಿನಲ್ಲೂ ನಿನ್ನ ಹತ್ತಿರ ಅದೇ ಗೋಳು.

"ಎಲ್ಡೂ ಒಟ್ಟಿಗೆ ಸುರೀತೀಯೇನು?"

"ಹೂಂ."

"ಮತ್ತೆ ಹಂಗೇ ಆಗ್ತೈತೆ. ಅವಸರದೋನ್ನ ತಡೆದು ತಡೆದು ಬಿಡಬೇಕು. ಕರೇದನ್ನ ಒಂದೊಂದೇ ಕೊಡವ್ವ."

ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನ ಎದುರಿಗೇ ನಾನು ರೇಗಿಬಿಟ್ಟೆ. "ಇದು ಕಂಬಳಿ ಅಲ್ಲಪ್ಪ. ನಿಂಗೇನ್ ಗೊತ್ತು, ಸುಮ್ನಿರು!" ನೀನು ಉಣ್ಣೆ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡೆ. ಅಷ್ಟು ಓದಿದ್ದು ನಿನ್ನ ಬಾಯಿ ಮುಚ್ಚಿಸೋಕಾ ಅಪ್ಪ?

ಅದಕ್ಕೂ ಮೊದಲು ನೀನು ಫೋನಿನಲ್ಲಿ "ಗಂಟು ಬಿಡ್ತೇನವ್ವ?" ಅಂತಿದ್ದೆ. ಆ ದೀಪಾವಳಿ ಆದ ಮೇಲೆ ಬರೀ "ಉಂಡೆಯಾ?" ಕ್ಷಮಿಸು ಅಂತ ಊರಿಗೆ ಬಂದಾಗ ಹೇಳಿದರಾಯಿತು ಅಂದುಕೊಂಡೆ. ಬರುವಷ್ಟರಲ್ಲಿ...

"ಮಗ್ಗದಿಂದ ಏಳ್ಲೇ ಇಲ್ಲ ಕಣೆ ನಿಮ್ಮಪ್ಪ," ಅಂತ ಅವ್ವ ಅಳುತ್ತಿದ್ದಳು. ನಿನ್ನ ತಿಥಿಕಾರ್ಯ ಮುಗಿದ ಮೇಲೆ, ನೀನು ಅರ್ಧಕ್ಕೆ ಬಿಟ್ಟ ಕಂಬಳಿ ನೋಡಿದೆ. ನಾಲ್ಕು ಬಿಳಿ, ಒಂದು ಕರಿ. ನಾಲ್ಕು ಬಿಳಿ, ಒಂದು ಕರಿ. "ನಿಂಗೆ ತೋರಿಸ್ಬೇಕು ಅಂತಿದ್ದ," ಅಂದಳು ಅವ್ವ. ಆ ಮಗ್ಗದ ಮೇಲೇ ತಲೆಯಿಟ್ಟು ಅತ್ತೆ. ನಿನಗೆ ನನ್ನ ಮೇಲೆ ಒಂಚೂರೂ ಕೋಪ ಇರಲಿಲ್ವಾ?

ಲ್ಯಾಬಿಗೆ ವಾಪಸ್ ಬಂದವಳೇ ಚಾರ್ಜ್ ಇರೋದನ್ನು ಫ್ಲಾಸ್ಕಿಗೆ ಹನಿ ಹನಿಯಾಗಿ ಬಿಡುತ್ತಾ ದಿನವಿಡೀ ಕೂತೆ. ಆಮೇಲೆ ಆ ಪಾಲಿಮರನ್ನು ನೀರಿಗೆ ಹಾಕಿದೆ. ಕರಗಿತು ಅಪ್ಪ. ನೀರು ತಿಳಿಯಾಗೇ ಉಳಿಯಿತು. ಒಂದು ಗಂಟೂ ಇಲ್ಲ.

ನಮ್ಮ ಗೈಡ್ ಮೇಡಂ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ಹೀಗೆ ಮಾಡು ಅಂತ ಯಾರು ಹೇಳಿದ್ದು?" ಅಂದರು. "ನಮ್ಮಪ್ಪ," ಅಂದೆ.

"ಹೌದಾ? ಯಾವ ಕಾಲೇಜಿನಲ್ಲಿದಾರೆ?"

ಮೇಡಂ "ಇದಾರೆ" ಅಂದರು, ಅಪ್ಪ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

"ತುರುವನೂರಲ್ಲಿ," ಅಂದೆ. "ಕಂಬಳಿ ನೇಯ್ತಾ ಇದಾರೆ."

ನಿನ್ನ ಮಗಳು