ತಪ್ಪು ಬೆರಳಿನದಲ್ಲ

ಬಾಳೂರು
೧೯ ಜನವರಿ ೧೯೯೯

ಪ್ರೀತಿಯ ವೀಣಕ್ಕನಿಗೆ ಜಲಜ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ಗೊತ್ತಿಲ್ಲ, ಕ್ಷಮಿಸಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಪತ್ರ ಬರೆಯುವುದು ಇದೇ ಮೊದಲು. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಅವತ್ತು ತಪ್ಪಿದ್ದು ನಿಮ್ಮ ಬೆರಳಲ್ಲ. ಪಿಯಾನೋ.

ಜೀಪು ಮಗುಚಿ ಮುರಿದ ಎಡಗೈಗೆ ಹಾಕಿದ್ದ ಪ್ಲಾಸ್ಟರು ಬಿಚ್ಚಿಸಿಕೊಂಡು ನೀವು ಆಗಸ್ಟ್‌ನಲ್ಲಿ ಬೊಂಬಾಯಿಯಿಂದ ಬಂದಿರಿ. ಮೂಳೆ ಕೂಡಿದೆ ಎಂದು ಡಾಕ್ಟರು ಹೇಳಿದ್ದರೂ ಉಂಗುರದ ಬೆರಳಿನ ಮೇಲೆ ನಿಮಗೆ ನಂಬಿಕೆ ಇರಲಿಲ್ಲ. ಆರನೇ ವಯಸ್ಸಿನಿಂದ ಕಲಿತ ಪಿಯಾನೋ, ಇದು ನನಗೆ ಸುಳ್ಳು ಹೇಳುವುದಿಲ್ಲ ಎಂದು ಮುಚ್ಚಳ ತೆಗೆದಿರಿ. ಮೂರು ಸಲ ಬಾರಿಸಿದಿರಿ. ಮೂರು ಸಲವೂ ಉಂಗುರದ ಬೆರಳು ಇಳಿಯುವ ಜಾಗದಲ್ಲಿ ಸ್ವರ ಬರಲಿಲ್ಲ. ಬೇರೆ ಬೆರಳಿನಲ್ಲಿ ಒತ್ತಿ ನೋಡಬಹುದಿತ್ತು. ಹೆದರಿದವರು ನೋಡುವುದಿಲ್ಲವೇನೋ. 'ಮುಗೀತು ಜಲಜ' ಎಂದು ಮುಚ್ಚಳ ಹಾಕಿದಿರಿ. ಆಮೇಲೆ ಬೊಂಬಾಯಿಗೆ ಹೋದವರು ಇನ್ನು ಯಾವ ಸಂಗೀತ ಕಚೇರಿಗೂ ಒಪ್ಪುವುದಿಲ್ಲ, ಪಿಯಾನೋ ಮಾರಿಬಿಡಿ ಎಂದು ನಿಮ್ಮ ಅಪ್ಪಯ್ಯನಿಗೆ, ನಮ್ಮ ಸಾಹುಕಾರರಿಗೆ, ಫೋನಿನಲ್ಲಿ ಹೇಳಿದಿರಿ.

ಅವರು ಎಷ್ಟೋ ದಿನ ಮಾರುವ ಮಾತೇ ಎತ್ತಲಿಲ್ಲ. ನೀವು ಚಿಕ್ಕಮಗಳೂರಿನ ಕಾನ್ವೆಂಟಿನ ಸಿಸ್ಟರ್ ಹತ್ತಿರ ಪಾಠಕ್ಕೆ ಹೋಗುತ್ತಿದ್ದಾಗ ನೆಂಟರು 'ಹೆಸರು ವೀಣಾ, ಬಾರ್ಸೋದು ಪಿಯಾನೋ' ಎಂದು ನಗುತ್ತಿದ್ದರಂತೆ. 'ನಿಮ್ಮ ಮಗನ ಹೆಸ್ರು ಶ್ರೀರಾಮ, ಮಾಡೋದೆಲ್ಲ ರಾವಣನ ಕೆಲ್ಸ, ನಾನೇನಾದ್ರೂ ಅಂದ್ನಾ?' ಎಂದು ಸಾಹುಕಾರರು ಅವರ ಬಾಯಿ ಮುಚ್ಚಿಸಿದ್ದನ್ನು ನಮ್ಮವ್ವ ಈಗಲೂ ಅಡಿಗೆಮನೆಯಲ್ಲಿ ಹೇಳಿ ನಗುತ್ತಾಳೆ. ಲಂಡನ್ನಿನಿಂದ, ವಿಯೆನ್ನಾದಿಂದ ನೀವು ಕಳಿಸಿದ ಕಾರ್ಡುಗಳೆಲ್ಲ ಸಾಹುಕಾರರ ಕನ್ನಡಿಯ ಸುತ್ತ ಇವೆ. ಮುಖ ಕಾಣಲು ಒಂದು ಅಂಗೈಯಷ್ಟು ಜಾಗ ಉಳಿದಿದೆ.

ಮೊನ್ನೆ ಮಂಗಳೂರಿನ ಒಂದು ಹೋಟೆಲಿನವರು ಕೊಳ್ಳುತ್ತೇವೆಂದರು. ಅದಕ್ಕೆ ಮೊದಲು ಸರಿಯಿದೆಯೋ ಇಲ್ಲವೋ ನೋಡಲು ಲೋಬೋ ಮಾಸ್ಟ್ರು ಬಂದರು. ಅವರು ಚರ್ಚಿನ ಹಾರ್ಮೋನಿಯಂ, ಪಿಯಾನೋ ರಿಪೇರಿ ಮಾಡುವವರು. ಒಂದು ಬಿಳಿ ಕೀ ಪೂರ್ತಿ ಇಳಿಯುವುದಿಲ್ಲ ಎಂದು ಅದನ್ನು ಮೇಲಕ್ಕೆ ಎತ್ತಿದರು. ಅಡಿಯಲ್ಲಿ ಒಂದು ಕಾಫಿ ಬೀಜ.

'ಇದೆಂಥದ್ದು ಮಾರಾಯ್ತಿ, ನೀವು ಪಿಯಾನೋದಲ್ಲೂ ಕಾಫಿ ಬೆಳೀತೀರಾ?' ಎಂದರು.

ಅದು ನನ್ನ ಕೆಲಸ ವೀಣಕ್ಕ. ಮಳೆಗಾಲದಲ್ಲಿ ಥಂಡಿ ಹಿಡಿಯದಿರಲಿ ಎಂದು ಪಿಯಾನೋದ ಹೊಟ್ಟೆಯೊಳಗೆ ನಲವತ್ತರ ಬಲ್ಬು ಉರಿಸಿಡಲು ನೀವೇ ಹೇಳಿಕೊಟ್ಟಿದ್ದಿರಿ. ಜುಲೈಯಲ್ಲಿ ಮರ ಬಿದ್ದು ಒಂಬತ್ತು ದಿನ ಕರೆಂಟು ಇರಲಿಲ್ಲ. ಚೆನ್ನಾಗಿ ಒಣಗಿದ ಸಿಪ್ಪೆ ಕಾಫಿ ಸುತ್ತಲಿನ ಥಂಡಿ ಎಳೆದುಕೊಳ್ಳುತ್ತದೆ ಎಂದು ಗೋಡೌನಿನಲ್ಲಿ ಆಳುಗಳು ಬೈಸಿಕೊಳ್ಳುವುದನ್ನು ಕೇಳಿದ್ದೆ. ಅಲ್ಲಿ ಕೆಡುಕು ಮಾಡುವುದು ಇಲ್ಲಿ ಒಳ್ಳೆಯದು ಮಾಡಲಿ ಎಂದು ಮನೆ ಖರ್ಚಿನ ಸಿಪ್ಪೆ ಕಾಫಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೀಗಳ ಹಿಂದೆ ಇಟ್ಟೆ. ಇಲಿ ಗಂಟು ಕಡಿಯಿತು. ಕೈಗೆ ಸಿಕ್ಕಷ್ಟು ಆರಿಸಿ ತೆಗೆದೆ. ಒಂದು ಉಳಿದದ್ದು ಲೋಬೋ ಮಾಸ್ಟ್ರು ಎತ್ತುವವರೆಗೆ ನನಗೆ ಗೊತ್ತೇ ಇರಲಿಲ್ಲ.

ಎಲ್ಲರ ಮುಂದೆ ಹೇಳಿಬಿಟ್ಟೆ. ಕೆಲಸ ಹೋಯಿತು ಎಂದುಕೊಂಡೆ. ಸಾಹುಕಾರರು ಬೀಜವನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು. ಆಮೇಲೆ, 'ಅಯ್ಯೋ ಪುಣ್ಯಾತ್ಗಿತ್ತಿ, ಐದು ತಿಂಗ್ಳಿಂದ ನನ್ನ ಮಗಳ ಕೈ ಹೋಯ್ತು ಅಂತ ಅಳ್ತಿದ್ನಲ್ಲೇ' ಎಂದು ನಗುವುದಕ್ಕೆ ಶುರು ಮಾಡಿದರು. ಕಣ್ಣಲ್ಲಿ ನೀರು ಇತ್ತು. ಹೋಟೆಲಿನವರಿಗೆ ಕೊಡುವುದಿಲ್ಲ ಎಂದು ಅಲ್ಲೇ ಹೇಳಿದರು. ಲೋಬೋ ಮಾಸ್ಟ್ರು ಎಲ್ಲ ತಂತಿಗಳನ್ನೂ ಶ್ರುತಿ ಮಾಡಿ, ಕೂಲಿಗೆಂದು ಒಂದು ಚೀಲ ಮೆಣಸು ತೆಗೆದುಕೊಂಡು ಬಸ್ಸು ಹತ್ತಿದರು.

ಫೋನು ಮಾಡುತ್ತೇನೆಂದು ಸಾಹುಕಾರರು ಹೊರಟರು. ನನ್ನ ತಪ್ಪು, ನಾನೇ ಬರೆಯುತ್ತೇನೆ ಎಂದು ಬೇಡಿಕೊಂಡೆ. ಪತ್ರ ತಲುಪಲು ನಾಲ್ಕು ದಿನ ಕೊಟ್ಟಿದ್ದಾರೆ.

ಬಂದು ಬಾರಿಸಿ ನೋಡಿ ವೀಣಕ್ಕ. ಈಗ ಸ್ವರ ಬರದಿದ್ದರೆ ಆಗ ಬೆರಳಿನ ತಪ್ಪೆಂದು ನಂಬೋಣ.

ಇಂತಿ ನಿಮ್ಮ ಮನೆಯ
ಜಲಜ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಗೊತ್ತೇ ಇರಲಿಲ್ಲ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಅವತ್ತು ನೀವು ಬಾರಿಸುವಾಗ ನಾನು ಕಾಫಿ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಎರಡನೇ ಸಲ ಸ್ವರ ನಿಂತಾಗಲೇ ಆ ಗಂಟು ನೆನಪಾಗಿತ್ತು. ಬೈಗುಳಕ್ಕೆ ಹೆದರಿ ಸುಮ್ಮನಾದೆ. ಈ ಕೀ ಅಡಿಯಲ್ಲಿ ನೋಡಿ ಎಂದು ಲೋಬೋ ಮಾಸ್ಟ್ರಿಗೆ ಹೇಳಿದವಳೂ ನಾನೇ. ಬೀಜ ಈ ಕವರಿನಲ್ಲಿದೆ. ಇವತ್ತು ಬೆಳಿಗ್ಗೆ ಧೂಳು ಒರೆಸಿ, ಕೈ ತೊಳೆದು ಬಂದು, ನನ್ನ ಎಡಗೈ ಉಂಗುರದ ಬೆರಳಿನಿಂದ ಆ ಕೀ ಒತ್ತಿದೆ. ಒಳಕೋಣೆಯಿಂದ ಸಾಹುಕಾರರು 'ಇನ್ನೊಂದ್ಸಲ' ಎಂದರು. ಒತ್ತಿದೆ.