ಗುಂಯ್ ಎನ್ನುವ ಸದ್ದು

ಎಸ್.ಎಸ್. ಬಡಾವಣೆ, ದಾವಣಗೆರೆ
14-7-2024, ಭಾನುವಾರ

ಗೆಳೆಯ ರೇವಣ್ಣನಿಗೆ,

ಕೊಟ್ಟೂರೇಶನ ನಮಸ್ಕಾರ. ಕವರಿನ ಮೇಲೆ ನನ್ನ ಹೆಸರು ನೋಡಿಯೂ ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ, ಇನ್ನೂ ಸ್ವಲ್ಪ ಓದು. ಫೋನ್ ಮಾಡೋಣವೆಂದರೆ ಎರಡು ವರ್ಷದಿಂದ ನೀನು ಎತ್ತುತ್ತಿಲ್ಲ. ಬೆಳಗಿನಿಂದ ನಾಲ್ಕು ಹಾಳೆ ಹರಿದಿದ್ದೇನೆ. ಎರಡು ಸಾಲು ಬರೆಯುವುದು, ಎದ್ದು ಪಡಸಾಲೆಗೆ ಹೋಗಿ ಬರುವುದು, ಇದೇ ಆಗಿದೆ.

ಆ ದಿನದ ವಿಷಯವನ್ನೇ ಬರೆಯುತ್ತೇನೆ. ಫ್ಯಾಕ್ಟರಿಯಿಂದ ನಿವೃತ್ತನಾದ ಮೇಲೆ ನೀನು ಹರಿಹರದ ಮನೆಯಲ್ಲಿ ಎಂಟು ತಿಂಗಳು ಕೂತು ನನಗಾಗಿ ಪವರ್ ಆಂಪ್ಲಿಫಯರ್ ಕಟ್ಟಿದೆ. ಟ್ರಾನ್ಸ್‌ಫಾರ್ಮರನ್ನೂ ಕೈಯಲ್ಲೇ ಸುತ್ತಿದ್ದೆ. ನಾನೋ, ಹುಬ್ಬಳ್ಳಿಯ ಅಂಗಡಿಯವನು ಕೇಳಿ ನೋಡಲು ಒಂದು ವಾರಕ್ಕೆಂದು ಕೊಟ್ಟಿದ್ದ ವಿದೇಶಿ ಆಂಪ್ಲಿಫಯರನ್ನು ಅದರ ಪಕ್ಕದಲ್ಲಿಟ್ಟು, ನಮ್ಮ ಹಾಡು ಕೇಳುವ ಗೆಳೆಯರಾದ ಮೈಲಪ್ಪ, ರಾಜಕುಮಾರ್ ಇಬ್ಬರನ್ನೂ ಕರೆಸಿದೆ. ಅದೇ ಸ್ಪೀಕರಿಗೆ ಒಮ್ಮೆ ಇದು, ಒಮ್ಮೆ ಅದು. ವಿದೇಶಿಯದರಲ್ಲಿ ತಬಲಾದ ಎಡಗೈ ಪೆಟ್ಟು ಎದೆಗೆ ಬಡಿಯುತ್ತಿತ್ತು. ನಿನ್ನದರಲ್ಲಿ ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಮೈಲಪ್ಪ, “ಹಾಡಿಗೆ ರೇವಣ್ಣಂದೇ ಚಲೋ ಐತೆ” ಅಂದ. ನನಗೂ ಹಾಗೇ ಅನ್ನಿಸಿತ್ತು ಕಣೋ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ವಿದೇಶಿಯದನ್ನೇ ತರುತ್ತೇನೆಂದು ಮಂಡಿಪೇಟೆಯ ಅಂಗಡಿ ಅಂಗಡಿಯಲ್ಲೂ ಜಂಬ ಕೊಚ್ಚಿಕೊಂಡಿದ್ದೆ.

ನಿನ್ನದರಲ್ಲಿ ಹಾಡು ನಿಂತಾಗ ನನಗೆ ಗುಂಯ್ ಎಂದು ಸಣ್ಣ ಸದ್ದು ಕೇಳಿಸಿತು. ಅದನ್ನೇ ಹಿಡಿದುಕೊಂಡೆ. ನೀನು ಸ್ಪೀಕರಿಗೆ ಕಿವಿ ಹಚ್ಚಿ, “ಏನೂ ಕೇಳ್ತಿಲ್ಲಲ್ಲೋ” ಅಂದೆ. ನಾನು ಎಲ್ಲರೆದುರಿಗೆ, “ಟ್ರಾನ್ಸ್‌ಫಾರ್ಮರ್ ಸುತ್ತಾಕೆ ಬರಲ್ಲ ಅಂದ್ರೆ ಯಾಕ ಕಟ್ಟಾಕೆ ಹೋಗಬೇಕಿತ್ತು?” ಅಂದುಬಿಟ್ಟೆ. ನೀನು ವೈರು ಬಿಚ್ಚಿ, ಆಂಪ್ಲಿಫಯರನ್ನು ಹಳೇ ಚಾದರದಲ್ಲಿ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಆಮೇಲೆ ನೀನು ಸೋಲ್ಡರಿಂಗ್ ಕಡ್ಡಿಯನ್ನೇ ಮುಟ್ಟಿಲ್ಲವೆಂದು ಮೈಲಪ್ಪ ಹೇಳಿದ.

ವಿದೇಶಿಯದು ಮನೆಗೆ ಬಂತು. ತಿಂಗಳೊಳಗೆ ಅದರಲ್ಲೂ ಗುಂಯ್. ವೈರು ಬದಲಿಸಿದೆ. ಹೊಸದಾಗಿ ಅರ್ಥಿಂಗ್ ಹಾಕಿಸಿದೆ. ಫ್ರಿಜ್ಜಿಗೆ ಬೇರೆ ಲೈನ್ ಎಳೆಸಿದೆ. ಕೊನೆಗೆ ಅದನ್ನು ಕೊಟ್ಟು ಇನ್ನೊಂದು ತಂದೆ, ಅದರಲ್ಲೂ ಅದೇ. ಒಂದು ಹಾಡನ್ನೂ ಪೂರ್ತಿ ಕೇಳಲಾಗುತ್ತಿರಲಿಲ್ಲ. ಅರ್ಧಕ್ಕೇ ನಿಲ್ಲಿಸಿ, ಹಿಂದೆ ಬಗ್ಗಿ ಪಿನ್ನು ಅಲುಗಾಡಿಸುವುದು. “ಹಾಡು ಕೇಳ್ತೀರೋ, ರಿಪೇರಿ ಮಾಡ್ತೀರೋ?” ಎಂದು ನನ್ನ ಹೆಂಡತಿ ಕಸ್ತೂರಿ ರೇಗುತ್ತಿದ್ದಳು.

ಹೋದ ತಿಂಗಳು ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಆಂಪ್ಲಿಫಯರಿನ ದೀಪ ಆರಿತು. ಗುಂಯ್ ಮಾತ್ರ ನಿಲ್ಲಲಿಲ್ಲ. ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಂತೆ. ಆಗಲೂ ಇತ್ತು. ಚಪ್ಪಲಿ ಹಾಕಿಕೊಳ್ಳದೆ ಬೀದಿ ಕೊನೆಯವರೆಗೆ ನಡೆದೆ. ಜೊತೆಗೇ ಬಂತು. ಸದ್ದು ಇದ್ದದ್ದು ನನ್ನ ಕಿವಿಯಲ್ಲಿ, ರೇವಣ್ಣ.

ಮಂಡಿಪೇಟೆಗೆ ಹೋಗುತ್ತೇನೆಂದು ಕಸ್ತೂರಿಗೆ ಹೇಳಿ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ಯಾವಾಗ ಶುರು ಮಾಡುತ್ತಾರೋ ಎಂದು ಕಾಯುತ್ತ ಕೂತೆ. ಪರೀಕ್ಷೆ ಮಾಡುವಾಕೆ ಬಾಗಿಲು ತೆಗೆದು, “ಯಾಕ್ರಿ ಒತ್ತುತ್ತಿಲ್ಲ? ಶುರುವಾಗಿ ಐದು ನಿಮಿಷ ಆತು” ಅಂದಳು.

ನೀನು ಗಾಬರಿಯಾಗಬೇಡ. ವಯಸ್ಸಿಗೆ ಬರುವಂಥದ್ದೇ, ದೊಡ್ಡದೇನಲ್ಲ.

ನಿನ್ನೆ ಮೈಲಪ್ಪನನ್ನೂ ರಾಜಕುಮಾರನನ್ನೂ ಕರೆದು, “ರೇವಣ್ಣನ ಆಂಪ್ಲಿಫಯರಿನಾಗೆ ಏನೂ ತಪ್ಪಿರಲಿಲ್ಲ, ತಪ್ಪು ನಂದು” ಅಂದೆ. ಯಾವ ತಪ್ಪು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಮಾತಿನಿಂದ ನಿನ್ನ ಕೈ ನಿಂತುಹೋಯಿತು. ಕ್ಷಮಿಸು ಅಂದರೆ ಸಾಲದು, ಆದರೂ ಕ್ಷಮಿಸು. ನೀನು ಕಟ್ಟಿದ್ದು ಇನ್ನೂ ಮನೆಯಲ್ಲಿದ್ದರೆ, ಎಂದಾದರೂ ಬಂದು ಕೇಳುತ್ತೇನೆ. ಅವಸರವೇನಿಲ್ಲ.

ಇಂತಿ ನಿನ್ನ
ಕೊಟ್ಟೂರೇಶ

ತಾ.ಕ.: ರೇವಣ್ಣನವರೇ, ಇದು ಕಸ್ತೂರಮ್ಮ ಬರೆಯುತ್ತಿರುವುದು. ಕವರು ಅಂಟಿಸಿ ಪೋಸ್ಟಿಗೆ ಹಾಕಲು ನನ್ನ ಕೈಗೆ ಕೊಟ್ಟರು, ಓದಬಾರದಿತ್ತು, ಓದಿದೆ. ಮೂರು ವಾರದ ಹಿಂದೆ ಅಂಗಿ ಒಗೆಯುವಾಗ ಜೇಬಿನಲ್ಲಿ ರಿಪೋರ್ಟು ಸಿಕ್ಕಿತ್ತು. ನಾನೇ ಹೋಗಿ ಡಾಕ್ಟರನ್ನು ಕಂಡು ಬಂದೆ. ಎಡಗಿವಿ ಆಗಲೇ ಹೋಗಿದೆಯಂತೆ. ಬಲಗಿವಿಯೂ ಬೇಗ ಬೇಗ ಇಳಿಯುತ್ತಿದೆ. ಮಷೀನು ಹಾಕಿದರೆ ಮಾತು ತಿಳಿದೀತು, ಹಾಡು ಇನ್ನೆಷ್ಟು ದಿನವೋ ಹೇಳಲಾರೆ ಅಂದರು. ಇದೆಲ್ಲ ಇವರಿಗೂ ಗೊತ್ತು. ನನಗೆ ತಿಳಿದುಹೋಗಿದೆ ಎಂಬುದು ಮಾತ್ರ ಇವರಿಗೆ ಗೊತ್ತಿಲ್ಲ. ಅವಸರ ಇದೆ ಅಣ್ಣಾ. ಬರುವ ಭಾನುವಾರವೇ ನೀವು ಕಟ್ಟಿದ್ದನ್ನು ಎತ್ತಿಕೊಂಡು ಬನ್ನಿ. ಕೂರುವಾಗ ಇವರ ಬಲಗಡೆ ಕೂತುಕೊಳ್ಳಿ.